ಪುಟ್ಟಸ್ವಾಮಿಯವರ ಮಿಲಿಟರಿ ಲಾರಿ

ಕೊರೊನಾದ ಎರಡನೇ ಅಲೆ ಇಳಿದು ಸರ್ಕಾರಿ ಕಚೇರಿಗಳ ಬಾಗಿಲು ಮತ್ತೆ ಪೂರ್ತಿ ತೆರೆದ ವರ್ಷ ನಾನು ಮಾಗಡಿ, ಕನಕಪುರ ಸೀಮೆಯ ಒಂದು ಸಾರಿಗೆ ಕಚೇರಿಯಲ್ಲಿ ಮೋಟಾರು ವಾಹನ ನಿರೀಕ್ಷಕನಾಗಿದ್ದೆ. ನಿವೃತ್ತಿಗೆ ಎರಡು ವರ್ಷ ಬಾಕಿಯಿತ್ತು. ಹಾರೋಹಳ್ಳಿ ಕಾರ್ಖಾನೆಗಳ ಟೆಂಪೊ, ರೇಷ್ಮೆಗೂಡು ಹೊರುವ ಗೂಡ್ಸ್ ಆಟೊ, ಕನಕಪುರ ಕಡೆಯ ಟಿಪ್ಪರ್, ಯಾವುದೇ ಆಗಲಿ, ನೋಂದಣಿಗೋ ಫಿಟ್‌ನೆಸ್ ಸರ್ಟಿಫಿಕೇಟಿಗೋ ನನ್ನ ಮುಂದೆ ಬಂದು ನಿಲ್ಲಬೇಕಿತ್ತು. ಹಾಡಹಗಲಲ್ಲೇ ಟಾರ್ಚ್ ಹಿಡಿದು ಗಾಡಿಯ ಕೆಳಗೆ ನುಸುಳುತ್ತಿದ್ದುದರಿಂದ ಏಜೆಂಟರು ನನ್ನನ್ನು ಬೆನ್ನ ಹಿಂದೆ ಟಾರ್ಚ್ ಸಾಹೇಬರು ಎನ್ನುತ್ತಿದ್ದರು. ಲಂಚ ಮುಟ್ಟದವನಿಗೆ ಎಂಥ ಕೊಬ್ಬಿರುತ್ತದೆಂದು ಕಚೇರಿಗಳಲ್ಲಿ ದುಡಿದವರಿಗೆ ಗೊತ್ತು. ನನ್ನಲ್ಲಿ ಅದು ಧಾರಾಳವಾಗಿತ್ತು.

ಒಂದು ಸೋಮವಾರ ಬೆಳಿಗ್ಗೆ ನಮ್ಮ ಪರೀಕ್ಷಾ ಮೈದಾನಕ್ಕೆ ಹಳೆಯ ಮಿಲಿಟರಿ ಲಾರಿಯೊಂದು ಬಂತು. ಸೇನೆಯವರು ಹರಾಜಿನಲ್ಲಿ ಮಾರಿದ ಗಾಡಿ. ನಂಬರ್ ಇಲ್ಲದ್ದನ್ನು ರಸ್ತೆಯಲ್ಲಿ ಓಡಿಸುವಂತಿಲ್ಲವಾದ್ದರಿಂದ ಇನ್ನೊಂದು ಲಾರಿಗೆ ಕಟ್ಟಿ ಎಳೆದು ತಂದಿದ್ದರು. ಕೊಂಡವರು ಮಾಗಡಿ ಹತ್ತಿರದ ತಿಪ್ಪಸಂದ್ರದ ಪುಟ್ಟಸ್ವಾಮಿ, ಸೇನೆಯಲ್ಲಿ ಇಪ್ಪತ್ತೆರಡು ವರ್ಷ ಲಾರಿ ಓಡಿಸಿ ಹವಾಲ್ದಾರ್ ಆಗಿ ನಿವೃತ್ತರಾದವರು. ಮಾಸ್ಕ್ ಹಾಕಿಕೊಂಡು, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಬಾನೆಟ್ ಮೇಲೆ ಒಂದು ಕೈ ಊರಿ ನಿಂತಿದ್ದರು. ನನ್ನನ್ನು ಕಂಡವರೇ ಸೆಲ್ಯೂಟ್ ಹೊಡೆದರು.

ಇಷ್ಟು ವರ್ಷ ಓಡಿಸಿದ ಲಾರಿಗಳಲ್ಲಿ ಒಂದೂ ತಮ್ಮದಲ್ಲ, ಇದೇ ಮೊದಲನೆಯದು ಎಂದು ಹೇಳಿಕೊಂಡರು. ತಿಪ್ಪಸಂದ್ರದ ಸುತ್ತಮುತ್ತಲಿನ ಇಳಿಜಾರು ಮಾವಿನ ತೋಟಗಳಿಗೆ ಬೇರೆ ಲಾರಿ ಇಳಿದರೆ ಮೇಲೆ ಹತ್ತುವುದಿಲ್ಲ. ನಾಲ್ಕು ಚಕ್ರಕ್ಕೂ ಎಂಜಿನ್ನಿನ ಬಲ ಹೋಗುವ ಈ ಗಾಡಿ ಹತ್ತುತ್ತದೆ ಎಂಬುದು ಅವರ ಲೆಕ್ಕ. ಹರಾಜಿನ ಅಂಗಳದಲ್ಲಿ ಎಂಜಿನ್ ಸ್ಟಾರ್ಟ್ ಮಾಡಿ ನೋಡಲು ಬಿಡುವುದಿಲ್ಲ. ಬೇರೆಯವರೆಲ್ಲ ಟೈರು ಒದ್ದು ನೋಡುತ್ತಿದ್ದರೆ ಇವರು ಒಂದೊಂದೇ ಕ್ಯಾಬಿನ್ ಹತ್ತಿ ಕ್ಲಚ್ ಪೆಡಲಿನ ರಬ್ಬರ್ ಮುಟ್ಟಿ ನೋಡಿದರಂತೆ. ಸಮನಾಗಿ ಸವೆದಿದ್ದರೆ ಓಡಿಸಿದವನ ಕಾಲು ಒಳ್ಳೆಯದು, ಒಂದೇ ಮಗ್ಗುಲು ಸವೆದಿದ್ದರೆ ಗೇರ್‌ಬಾಕ್ಸ್ ಗತಿ ಮುಗಿದಿದೆ ಎಂದರ್ಥ. ಹೆಣ್ಣು ನೋಡಲು ಹೋದವರೂ ಇಷ್ಟು ನೋಡುವುದಿಲ್ಲ ಎಂದು ನಾನು ಕಿಚಾಯಿಸಿದೆ. ಅವರು ನಕ್ಕು, ಮತ್ತೆ ಬಾನೆಟ್ ಮೇಲೆ ಕೈಯೂರಿ ನಿಂತರು. ಹೊಸ ಲಾರಿಯ ಜಂಬ ಎಂದುಕೊಂಡೆ.

ಕೆಲಸ ಶುರುವಾಯಿತು. ಚಾಸಿಯ ಮೇಲೆ ಕೊರೆದ ನಂಬರಿಗೆ ಕಾಗದ ಒತ್ತಿ ಪೆನ್ಸಿಲ್ ಉಜ್ಜಿ ಅಚ್ಚು ತೆಗೆಯುತ್ತೇವೆ. ಅದು ಹರಾಜಿನ ಕಾಗದಕ್ಕೆ ಸರಿಹೊಂದಿತು. ಮೈದಾನದಲ್ಲಿ ಒಂದು ಸುತ್ತು ಓಡಿಸಿ ಎಂದೆ. ಓಡಿಸಿದರು. ಬ್ರೇಕ್ ಚೊಕ್ಕವಾಗಿತ್ತು. ಗೇರ್ ಬದಲಿಸಿದ ಸದ್ದೇ ಕೇಳಿಸಲಿಲ್ಲ. ಅಷ್ಟು ಚೆನ್ನಾಗಿ ಓಡಿಸುವವರನ್ನು ನಾನು ನೋಡಿದ್ದು ಕಡಿಮೆ.

ಉಳಿದದ್ದು ಬಣ್ಣ. ಆಲಿವ್ ಗ್ರೀನ್, ಅಂದರೆ ಮಿಲಿಟರಿ ಹಸಿರು, ಸೇನೆಯ ವಾಹನಗಳಿಗೆ ಮಾತ್ರ ಮೀಸಲು. ಖಾಸಗಿಯವರು ಕೊಂಡರೆ ಬೇರೆ ಬಣ್ಣ ಬಳಿಸಬೇಕು. ಪುಟ್ಟಸ್ವಾಮಿ ಹೊರಗೆಲ್ಲ ನೀಲಿ ಬಳಿಸಿದ್ದರು. ನಾನು ಕ್ಯಾಬಿನ್ ಬಾಗಿಲು ತೆಗೆದು ಟಾರ್ಚ್ ಬಿಟ್ಟೆ. ಡ್ಯಾಶ್‌ಬೋರ್ಡ್, ಬಾಗಿಲ ಒಳಮೈ, ಸೀಟಿನ ಹಿಂಬದಿ, ಎಲ್ಲವೂ ಹಳೆಯ ಹಸಿರೇ.

ಇದನ್ನೂ ಬದಲಿಸಬೇಕು ಎಂದೆ. ಅವರು ಮೆಲ್ಲಗೆ, “ಒಳಗಡೆದು ಯಾರಿಗ್ ಕಾಣ್ತದೆ ಸಾರ್? ಇಪ್ಪತ್ತೆರಡು ವರ್ಷ ಇದ್ರೊಳಗೇ ಕೂತಿವ್ನಿ. ಅದೊಂದು ಇರ್ಲಿ ಅಂತ ಬುಟ್ಟೆ” ಎಂದರು. ಆಮೇಲೆ, ಒಳಗಿನದನ್ನೂ ಬಳಿಯಬೇಕೆಂದು ಯಾವ ರೂಲ್‌ನಲ್ಲಿ ಇದೆ ಎಂದು ಕೇಳಿದರು. ಅದರಲ್ಲಿ ಕೊಂಕೇನೂ ಇರಲಿಲ್ಲ, ತಿಳಿದುಕೊಳ್ಳಲು ಕೇಳಿದ್ದು. ಆದರೆ ಪಕ್ಕದಲ್ಲಿ ನಿಂತಿದ್ದ ಏಜೆಂಟನೊಬ್ಬ ಕಿಸಕ್ಕನೆ ನಕ್ಕ.

ಆ ನಗುವೇ ತೀರ್ಮಾನ ಮಾಡಿಬಿಟ್ಟಿತು. ನಾನು ಕೆಲಸಕ್ಕೆ ಸೇರಿದಾಗ ಹಿರಿಯರೊಬ್ಬರು ಬಾಗಿಲು ತೆಗೆದು ಒಳಗೂ ನೋಡಬೇಕೆಂದು ಕಲಿಸಿದ್ದರು, ನಾನು ನೋಡುತ್ತಾ ಬಂದಿದ್ದೆ. ನಿಯಮದಲ್ಲಿ ಒಳಗು ಹೊರಗು ಎಂಬ ಮಾತೇ ಇಲ್ಲವೆಂದು, ಅದನ್ನು ಬಿಟ್ಟುಕೊಡುವ ಅಧಿಕಾರ ನನಗಿದೆಯೆಂದು ಅಂದೂ ನನಗೆ ಗೊತ್ತಿತ್ತು. “ರೂಲ್ ನನಗೆ ಹೇಳಿಕೊಡಬೇಡಿ. ಪೂರ್ತಿ ಬಣ್ಣ ಬಳಿಸಿ ತನ್ನಿ” ಎಂದು ಅರ್ಜಿಯ ಮೇಲೆ ಬರೆದು ವಾಪಸ್ ಕೊಟ್ಟೆ.

ಪುಟ್ಟಸ್ವಾಮಿ ವಾದ ಮಾಡಲಿಲ್ಲ. ಕಾಗದ ಮಡಿಚಿ ಜೇಬಿಗಿಟ್ಟು, “ತಂದ್ಮೇಲೆ ಒಸಿ ಬೇಗ ಮಾಡ್ಕೊಡಿ ಸಾರ್” ಎಂದರು. ನಮ್ಮ ಕಚೇರಿಗೆ ಬರುವ ನೂರರಲ್ಲಿ ನೂರು ಮಂದಿಯೂ ಈ ಮಾತು ಹೇಳುತ್ತಾರೆ. ಮಾವಿನ ಸುಗ್ಗಿ ಹತ್ತಿರ ಬಂತಲ್ಲ, ಅದಕ್ಕೇ ಅವಸರ ಎಂದುಕೊಂಡು ಮುಂದಿನ ಗಾಡಿಗೆ ಹೋದೆ. ಲಾರಿಯನ್ನು ಮತ್ತೆ ಹಗ್ಗ ಕಟ್ಟಿ ಎಳೆದುಕೊಂಡು ಹೋದರು.

ಸುಮಾರು ಐದು ವಾರವಾದ ಮೇಲೆ ಅದೇ ಲಾರಿ ಅದೇ ರೀತಿ ಬಂತು. ಈ ಸಲ ಕ್ಯಾಬಿನ್ನಿನಿಂದ ಇಳಿದವರು ಪುಟ್ಟಸ್ವಾಮಿಯ ತಮ್ಮ ರಂಗಸ್ವಾಮಿ, ಅವರ ಹಿಂದೆ ನಡುವಯಸ್ಸಿನ ಹೆಂಗಸೊಬ್ಬರು. ಪುಟ್ಟಸ್ವಾಮಿಯವರ ಹೆಂಡತಿ ಜಯಮ್ಮ ಎಂದು ರಂಗಸ್ವಾಮಿ ಪರಿಚಯಿಸಿದರು. ನಾನು ಬಾಗಿಲು ತೆಗೆದೆ. ಒಳಗೆಲ್ಲ ಕೆನೆ ಬಣ್ಣ. ಸಂದುಗೊಂದು ಬಿಡದೆ, ಸ್ಕ್ರೂ ಬಿಚ್ಚಿ ಅದರ ಅಡಿಗೂ ಬಳಿದಿತ್ತು. ಎಷ್ಟು ಚೆನ್ನಾಗಿ ಮಾಡಿದ್ದಾರೆ ನೋಡಿ, ಅಂದೇ ಮಾಡಬಹುದಿತ್ತಲ್ಲ, ಎಲ್ಲಿ ಯಜಮಾನರು, ಎಂದು ಕೇಳಿದೆ. ಜಯಮ್ಮ ಚೀಲದಿಂದ ಮರಣ ಪ್ರಮಾಣಪತ್ರ ತೆಗೆದು ನನ್ನ ಕೈಗೆ ಕೊಟ್ಟರು.

ಕೊರೊನಾ ಪುಟ್ಟಸ್ವಾಮಿಯವರ ಶ್ವಾಸಕೋಶವನ್ನು ಮುಕ್ಕಾಲು ತಿಂದುಹಾಕಿತ್ತು ಎಂದು ರಂಗಸ್ವಾಮಿ ಹೇಳಿದರು. ನಾಲ್ಕು ಹೆಜ್ಜೆಗೆ ನಿಂತು ಉಸಿರು ತೆಗೆದುಕೊಳ್ಳಬೇಕಿತ್ತು. ಅಂದು ಬಾನೆಟ್ ಮೇಲೆ ಕೈಯೂರಿ ನಿಂತದ್ದು ಅದಕ್ಕೇ, ನಾನು ಜಂಬ ಎಂದುಕೊಂಡಿದ್ದೆ. ಹೆಚ್ಚು ದಿನವಿಲ್ಲ ಎಂದು ಮಾಗಡಿಯ ಡಾಕ್ಟರು ಹೇಳಿದ್ದು ಗಂಡಹೆಂಡತಿ ಇಬ್ಬರಿಗೂ ಗೊತ್ತಿತ್ತು. ಧೂಳು, ಹೊಗೆ, ಬಣ್ಣದ ವಾಸನೆ ಹತ್ತಿರ ಸುಳಿಯಬಾರದು ಎಂದೂ ಹೇಳಿದ್ದರು. ತಮ್ಮ ಗಾಡಿಯ ಒಳಗೆ ಬೇರೆಯವರ ಕೈ ಬೇಡ ಎಂದು ಪುಟ್ಟಸ್ವಾಮಿಯವರೇ ಹಸಿರನ್ನು ಉಜ್ಜಿ ತೆಗೆದರಂತೆ. ಹಸಿ ಬಣ್ಣಕ್ಕೆ ಧೂಳು ಕೂರುತ್ತದೆಂದು ಬಾಗಿಲು ಮುಚ್ಚಿಕೊಂಡು ಒಳಗೆ ಕೂತು ಎರಡು ಕೋಟ್ ಬಳಿದರಂತೆ. ಮುಗಿಸಿದ ಮೂರನೇ ದಿನ ಆಸ್ಪತ್ರೆ ಸೇರಿದವರು ಮನೆಗೆ ಬರಲಿಲ್ಲ. ಅವರ ಆಸೆ ಒಂದೇ ಆಗಿತ್ತು. ತಮ್ಮ ಸ್ವಂತ ನಂಬರ್ ಹಾಕಿಕೊಂಡು, ಜಯಮ್ಮನನ್ನು ಪಕ್ಕಕ್ಕೆ ಕೂರಿಸಿಕೊಂಡು, ತಿಪ್ಪಸಂದ್ರದಿಂದ ಮಾಗಡಿಗೆ ಒಂದು ಸಲ ಹೋಗಿ ಬರುವುದು.

ನಾನು ಅಲ್ಲೇ ಇದ್ದ ಕಲ್ಲಿನ ಮೇಲೆ ಕೂತೆ. ಬಣ್ಣದಿಂದಲೇ ಆಯಿತೆಂದು ಡಾಕ್ಟರು ಹೇಳಲಿಲ್ಲ ಎಂದು ರಂಗಸ್ವಾಮಿ ಸಮಾಧಾನಕ್ಕೆ ಸೇರಿಸಿದರು. ಜಯಮ್ಮ ಮಾತ್ರ ನನ್ನನ್ನೇ ನೋಡುತ್ತಾ ಕೇಳಿದರು: “ಒಂದ್ ಮಾತು ಸಾರ್. ಅವತ್ತು ಒಳಗೆ ಹಸ್ರಾಗೇ ಇದ್ದಿದ್ರೂ ನಂಬರ್ ಕೊಡ್ಬೋದಿತ್ತಾ?”

ಇಲ್ಲಮ್ಮ, ರೂಲ್ ಹಾಗಿದೆ ಎಂದು ಹೇಳಿಬಿಡಬಹುದಿತ್ತು. ಬಾಯಿಗೂ ಬಂದಿತ್ತು. ಆದರೆ ಆ ಹೆಂಗಸಿಗೆ ಸುಳ್ಳು ಹೇಳಲು ಧೈರ್ಯ ಬರಲಿಲ್ಲ. “ಕೊಡಬಹುದಿತ್ತು” ಎಂದೆ.

ಅವರು ಬಯ್ಯುತ್ತಾರೆಂದು ಕಾದೆ. ಬಯ್ದಿದ್ದರೆ ಒಳ್ಳೆಯದಿತ್ತು. ಅವರು ಸೆರಗಿನಿಂದ ಕಣ್ಣೊರೆಸಿಕೊಂಡು ಹೇಳಿದರು: “ಅವ್ರಿಗೂ ಗೊತ್ತಿತ್ತು ಸಾರ್. ರೂಲ್‌ನಾಗೆ ಇಲ್ದೇ ಇದ್ಮೇಲೆ ಯಾಕ್ ಮಾಡ್ತೀರಿ, ಇನ್ನೊಂದ್ ದಪ ಹೋಗಿ ಕೇಳಿ ಅಂದೆ. ಸಾಹೇಬ್ರು ಹೇಳವ್ರೆ, ಹೇಳಿದ್ಮೇಲೆ ಮುಗೀತು ಕಣೆ ಅಂದ್ರು.”

ಲಾರಿಯನ್ನು ಜಯಮ್ಮನ ಹೆಸರಿಗೆ ನೋಂದಾಯಿಸಲು ವಾರಸುದಾರರ ಕಾಗದಪತ್ರ ಬೇಕಿತ್ತು. ಪ್ರತಿ ಮೇಜಿಗೂ ನಾನೇ ಫೈಲ್ ಹಿಡಿದು ಓಡಾಡಿದೆ. ಸಹೋದ್ಯೋಗಿಗಳು ವಿಚಿತ್ರವಾಗಿ ನೋಡಿದರು. ನಂಬರ್ ಬಂದ ದಿನ ರಂಗಸ್ವಾಮಿ ಲಾರಿಯನ್ನು ಮೊದಲ ಬಾರಿಗೆ ಹಗ್ಗವಿಲ್ಲದೆ ರಸ್ತೆಗಿಳಿಸಿದರು. ಜಯಮ್ಮ ಅದರಲ್ಲಿ ಹತ್ತಲಿಲ್ಲ, ಬಸ್ಸಿನಲ್ಲಿ ಹೋಗುತ್ತೇನೆಂದರು.

ಉಳಿದ ಎರಡು ವರ್ಷ ಬೇಗ ಮಾಡಿಕೊಡಿ ಎಂದವರನ್ನೆಲ್ಲ ಯಾಕೆ ಅವಸರ ಎಂದು ಕೇಳಿದೆ. ಮದುವೆ, ಕಂತು, ಸುಗ್ಗಿ, ಏನೇನೋ ಹೇಳುತ್ತಿದ್ದರು. ಹಲವರದು ಬರೀ ಸುಳ್ಳು. ಪರವಾಗಿಲ್ಲ, ಕೇಳಿಸಿಕೊಂಡೆ. ಅಧಿಕಾರದಲ್ಲಿ ಕೂತವನ ಮಾತಿಗೆ ಜನ ಎದುರಾಡಿದರೆ ಅವನು ಸರಿಹೋಗಬಹುದು. ಎದುರಾಡದೆ ಪಾಲಿಸುವವರ ಮುಂದೆ ನಾಲಿಗೆ ಹಿಡಿತದಲ್ಲಿರಬೇಕು. ಆ ಕೆಲಸ ನನಗೆ ಕಲಿಸಿದ್ದು ಇಷ್ಟು. ಕಲಿಸಿಕೊಟ್ಟ ಪುಟ್ಟಸ್ವಾಮಿಯವರಿಗೆ ಮಾತ್ರ ಅದು ಉಪಯೋಗಕ್ಕೆ ಬರಲಿಲ್ಲ.