ಪಾಂಡಣ್ಣನವರ ಆರು ಹಲ್ಲು

ಪಾಂಡಣ್ಣನವರ ಹಲ್ಲುಗಳಲ್ಲಿ ಕೀವು ಇರಲಿಲ್ಲ. ಅವು ಅಲುಗಾಡುತ್ತಲೂ ಇರಲಿಲ್ಲ. ಮೇಲೆ ಮೂರು, ಕೆಳಗೆ ಮೂರು, ಒಟ್ಟು ಆರು ಹಲ್ಲುಗಳನ್ನು, ಗಟ್ಟಿಯಾಗಿವೆ ಎಂದು ಚೆನ್ನಾಗಿ ಗೊತ್ತಿದ್ದೂ ನಾನು ಕಿತ್ತೆ. ನನ್ನ ಪರೀಕ್ಷೆಗೆ ಹಲ್ಲಿಲ್ಲದ ಒಂದು ಬಾಯಿ ಬೇಕಾಗಿತ್ತು. ವಿಷಯ ಇಷ್ಟೇ. ಇಷ್ಟನ್ನು ಬರೆಯಲು ನನಗೆ ನಾಲ್ಕು ವರ್ಷ ಹಿಡಿಯಿತು.

ನಾನು ದಂತವೈದ್ಯ. ಬಸವನಗುಡಿಯಲ್ಲಿ, ಒಂದು ಜೆರಾಕ್ಸ್ ಅಂಗಡಿಯ ಮೇಲೆ, ಒಂದೇ ಕುರ್ಚಿಯ ಕ್ಲಿನಿಕ್ ಇಟ್ಟುಕೊಂಡಿದ್ದೇನೆ. ಹೊರಗಿನ ಬೋರ್ಡಿನಲ್ಲಿ ನನ್ನ ಹೆಸರಿಗೆ ಮೊದಲು 'ಡಾ.' ಎಂದಿದೆ. ಆ ಒಂದು ಅಕ್ಷರಕ್ಕೂ ಅದರ ಪಕ್ಕದ ಚುಕ್ಕೆಗೂ ಪಾಂಡಣ್ಣ ಏನು ತೆತ್ತರು ಎಂದು ಬೋರ್ಡ್ ಬರೆದವನಿಗೆ ಗೊತ್ತಿಲ್ಲ.

ಪಾಂಡುರಂಗ ರಾಯರು ಚಾಮರಾಜಪೇಟೆಯಲ್ಲಿ ಟೈಲರ್. ನಮ್ಮ ಮನೆಯಿಂದ ಎರಡು ರಸ್ತೆ ಆಚೆ ಅವರ ಅಂಗಡಿ. ನನ್ನ ಮೊದಲ ಚಡ್ಡಿಯಿಂದ ಹಿಡಿದು ಕಾಲೇಜಿನ ಬಿಳಿ ಕೋಟಿನವರೆಗೆ ಎಲ್ಲವೂ ಅವರ ಕೈಯಲ್ಲಿ ಹೊಲಿದದ್ದೇ. ದಂತವೈದ್ಯಕೀಯಕ್ಕೆ ಸೇರಿದ ವಾರ ಕೋಟು ಕೊಡುತ್ತಾ, "ತಗೊಳ್ಳಪ್ಪ ಡಾಕ್ಟ್ರೇ. ಜೇಬು ದೊಡ್ಡದಿಟ್ಟಿದೀನಿ, ಕಿತ್ತಿದ್ದನ್ನೆಲ್ಲಾ ಹಾಕ್ಕೊಳ್ಳೋಕೆ" ಎಂದು ನಕ್ಕಿದ್ದರು. ಆಗ ನನಗೆ ಹದಿನೆಂಟು. ಮೆಡಿಕಲ್ ಸೀಟು ಸಿಗದೆ ಹಲ್ಲಿನ ಕಡೆ ಬಂದವನು. ನಮ್ಮ ಮನೆಯಲ್ಲಿ ಅದೊಂದು ಸಣ್ಣ ಸೂತಕದಂತೆ ನಡೆದಿತ್ತು. ಆ ದಿನಗಳಲ್ಲಿ ನನ್ನನ್ನು ಡಾಕ್ಟ್ರೇ ಎಂದು ಮುಖಕ್ಕೆ ಮುಖ ಕೊಟ್ಟು ಕರೆದವರು ಅವರೊಬ್ಬರೇ.

ದಂತವೈದ್ಯಕೀಯ ಕಾಲೇಜನ್ನು ನೋಡದವರಿಗೆ ಒಂದೆರಡು ಮಾತು. ಮೊದಲೆರಡು ವರ್ಷ ಅಲ್ಲಿ ರೋಗಿಯೇ ಇರುವುದಿಲ್ಲ. ಮೇಣದ ತುಂಡನ್ನು ಕೆತ್ತಿ ಹಲ್ಲು ಮಾಡುತ್ತೇವೆ. ಗಾರೆ ಕಲಸಿದ ಹಾಗೆ ಪ್ಲಾಸ್ಟರ್ ಕಲಸುತ್ತೇವೆ. ಸಂಜೆ ಮನೆಗೆ ಹೋದರೆ ತಲೆಗೂದಲು, ಹುಬ್ಬು ಎಲ್ಲಾ ಬೆಳ್ಳಗೆ. ಮೂರನೆಯ ವರ್ಷಕ್ಕೆ ಬಾಯಿಗಳು ಬರುತ್ತವೆ. ಬಾಯಿಯ ಹಿಂದೆಯೇ ಕೋಟಾ ಎಂಬುದೂ ಬರುತ್ತದೆ. ಇಷ್ಟು ಹಲ್ಲು ತುಂಬಿಸಬೇಕು, ಇಷ್ಟು ಕೀಳಬೇಕು, ಇಷ್ಟು ಕೃತಕ ಹಲ್ಲಿನ ಸೆಟ್ಟು ಕಟ್ಟಬೇಕು. ಪ್ರತಿಯೊಂದಕ್ಕೂ ಮೇಲಿನವರ ಸಹಿ. ಎಲ್ಲಕ್ಕಿಂತ ಕಠಿಣವಾದದ್ದು ಕೊನೆಯ ವರ್ಷದ ಪೂರ್ತಿ ಸೆಟ್ಟಿನ ಪರೀಕ್ಷೆ. ಅದಕ್ಕೆ ಒಂದೂ ಹಲ್ಲಿಲ್ಲದ ಮನುಷ್ಯನನ್ನು ವಿದ್ಯಾರ್ಥಿಯೇ ಹುಡುಕಿ ತರಬೇಕು. ರೋಗಿ ಇಲ್ಲದಿದ್ದರೆ ಪರೀಕ್ಷೆಯೇ ಇಲ್ಲ. ಆರು ತಿಂಗಳು ಮನೆಯಲ್ಲಿ ಕೂರಬೇಕು.

ಬೊಚ್ಚುಬಾಯಿಗೆ ಈ ಲೋಕದಲ್ಲಿ ಇಷ್ಟೊಂದು ಬೇಡಿಕೆ ಇರುವ ಇನ್ನೊಂದು ಸ್ಥಳವಿರಲಾರದು. ನಾನೂ ಸಹಪಾಠಿ ಮಹೇಶನೂ ಬೆಳಗ್ಗೆ ಆರಕ್ಕೆ ಎದ್ದು ಪಾರ್ಕಿನ ನಗೆಕೂಟದ ಎದುರು ನಿಂತುಕೊಳ್ಳುತ್ತಿದ್ದೆವು. ಹಿರಿಯರೆಲ್ಲ ವೃತ್ತವಾಗಿ ನಿಂತು ಕೈಯೆತ್ತಿ ಹಹ್ಹಹ್ಹಾ ಎಂದು ನಗುವಾಗ ನಾವಿಬ್ಬರು ಅವರ ಬಾಯೊಳಗೆ ಬಗ್ಗಿ ನೋಡುತ್ತಿದ್ದೆವು, ಸಂತೆಯಲ್ಲಿ ಎತ್ತಿನ ಬಾಯಿ ನೋಡುವವರ ಗಾಂಭೀರ್ಯದಲ್ಲಿ. ಎಲ್ಲರ ಬಾಯಲ್ಲೂ ಹಲ್ಲು! ನಮ್ಮ ಪಾಲಿಗೆ ಬೆಂಗಳೂರಿನ ವೃದ್ಧರು ಅಷ್ಟೊಂದು ಆರೋಗ್ಯವಾಗಿದ್ದದ್ದು ಒಂದು ದುರಂತ.

ಆಗಲೇ ಪಾಂಡಣ್ಣ ಸಿಕ್ಕಿದ್ದು. ಸಿಕ್ಕಿದ್ದು ಎನ್ನುವುದು ತಪ್ಪು. ಅವರಾಗಿಯೇ ಕೇಳಿಕೊಂಡು ಬಂದರು.

"ಶ್ರೀಧರಾ, ಹಿಂದುಗಡೆ ಹಲ್ಲೆಲ್ಲಾ ಹೋಗಿವೆ ಕಣಪ್ಪ. ಚಕ್ಲಿ ತಿನ್ನೋಕಾಗ್ತಿಲ್ಲ. ನಿಮ್ಮ ಕಾಲೇಜಲ್ಲಿ ಹಾಕ್ತಾರಂತಲ್ಲ?"

ಅಂಗಡಿಯ ಬಾಗಿಲಲ್ಲೇ ಬಾಯಿ ತೆರೆಸಿ ನೋಡಿದೆ. ಬೀಡಿಯಿಂದಲೋ ಎಲೆಯಡಿಕೆಯಿಂದಲೋ ಹಿಂದಿನ ಹಲ್ಲುಗಳೆಲ್ಲ ಎಂದೋ ಹೋಗಿದ್ದವು. ಮುಂದಿನ ಆರು ಮಾತ್ರ ಬಂಡೆಯ ಹಾಗೆ ನಿಂತಿದ್ದವು. ಮೇಲಿನ ಒಂದು ಹಲ್ಲಿನ ಅಂಚಿನಲ್ಲಿ ಸಣ್ಣ ಕಚ್ಚು, ನಲವತ್ತು ವರ್ಷ ದಾರ ಕಡಿದು ಕಡಿದು ಬಿದ್ದದ್ದು. ಟೈಲರುಗಳ ಹಲ್ಲು ಹೀಗೆ ಸವೆಯುತ್ತದೆಂದು ಪಠ್ಯಪುಸ್ತಕದಲ್ಲಿ ಓದಿದ್ದೆ. ಕಣ್ಣಾರೆ ಕಂಡು ಪುಳಕಗೊಂಡೆ, ಪಕ್ಷಿ ನೋಡುವವನಿಗೆ ಅಪರೂಪದ ಹಕ್ಕಿ ಸಿಕ್ಕಂತೆ.

ಆ ಬಾಯಿಗೆ ಮಾಡಬೇಕಾದದ್ದು ಸರಳ. ಆರನ್ನೂ ಉಳಿಸಿಕೊಂಡು, ಅವುಗಳ ಆಧಾರದ ಮೇಲೆ ಹಿಂದಿನ ಹಲ್ಲುಗಳನ್ನಷ್ಟೇ ಕಟ್ಟಿಕೊಡುವುದು. ಅವರು ಕೇಳಿದ್ದೂ ಅದನ್ನೇ. ಆದರೆ ಅಂಥ ಅರ್ಧ ಸೆಟ್ಟುಗಳ ನನ್ನ ಕೋಟಾ ಆಗಲೇ ಮುಗಿದಿತ್ತು.

ಕ್ಯಾಂಟೀನಿನಲ್ಲಿ ಮಹೇಶ ಕೇಳಿದ, "ಏನ್ ಗುರು, ಬೊಚ್ಚುಬಾಯಿ ಸಿಕ್ತಾ?"

"ಒಬ್ರಿದಾರೆ. ಆದ್ರೆ ಆರು ಹಲ್ಲು ಇವೆ ಕಣೋ."

"ಆರು ತಾನೇ? ಕಿತ್ರೆ ಆಯ್ತಪ್ಪ, ಬೊಚ್ಚುಬಾಯಿ. ಕೀಳೋ ಕೋಟಾನೂ ತುಂಬ್ತದೆ."

ಅವನು ತಮಾಷೆಗೆ ಹೇಳಿದ್ದು. ಟೀ ಮುಗಿಯುವಷ್ಟರಲ್ಲಿ ಅವನು ಅದನ್ನು ಮರೆತಿದ್ದ. ಮರೆಯದೇ ಇದ್ದವನು ನಾನು. ಅವನ ಹೆಸರನ್ನು ಇಲ್ಲಿ ಎತ್ತಿದ್ದು ಕೂಡ... ಬೇಡ. ಅದರಿಂದ ನನ್ನ ಭಾರ ಒಂದು ಗುಲಗಂಜಿಯಷ್ಟೂ ಇಳಿಯುವುದಿಲ್ಲ.

ಪಾಂಡಣ್ಣನವರನ್ನು ಕಾಲೇಜಿಗೆ ಕರೆಸಿ ಎಕ್ಸ್‌ರೇ ತೆಗೆಸಿದೆ. ಫಿಲಂ ಅನ್ನು ಬೆಳಕಿಗೆ ಹಿಡಿದು ತುಂಬಾ ಹೊತ್ತು ನೋಡಿದೆ. ಏನೂ ಇರಲಿಲ್ಲ. ಬೇರಿನ ಸುತ್ತ ಮೂಳೆ ತುಂಬಿಕೊಂಡಿತ್ತು. ಆಮೇಲೆ, ನಮ್ಮ ಪ್ರೊಫೆಸರು ಕೆಟ್ಟ ಸುದ್ದಿ ಹೇಳುವಾಗ ಮಾಡುತ್ತಿದ್ದ ಮುಖವನ್ನೇ ಮಾಡಿಕೊಂಡು ಹೇಳಿದೆ:

"ಪಾಂಡಣ್ಣ, ಈ ಆರೂ ಹೋಗ್ಲೇಬೇಕು. ಬೇರಲ್ಲಿ ಕೀವು ಕೂತಿದೆ."

"ನೋವೇ ಇಲ್ವಲ್ಲೋ?"

"ನೋವಿಲ್ದೇ ಇರೋದೇ ಅಪಾಯ."

ಇಂಥ ವಾಕ್ಯವನ್ನು ನನಗೆ ಯಾರೂ ಕಲಿಸಿರಲಿಲ್ಲ. ತಾನಾಗಿಯೇ ಬಂತು, ಬಹಳ ವರ್ಷಗಳಿಂದ ನಾಲಿಗೆಯ ಕೆಳಗೆ ಕಾದು ಕುಳಿತಿದ್ದ ಹಾಗೆ.

ಅವರು ಮುಂದಿನ ಹಲ್ಲನ್ನು ಬೆರಳಿನಿಂದ ಮುಟ್ಟಿ ನೋಡಿಕೊಂಡರು. "ದಾರ ಕಡಿಯೋದು ಹೆಂಗಪ್ಪಾ ಮತ್ತೆ?"

"ಹೊಸ ಸೆಟ್ಟಲ್ಲೇ ಕಡೀಬಹುದು."

ಇದು ಎರಡನೆಯ ಸುಳ್ಳು. ಪೂರ್ತಿ ಸೆಟ್ಟಿನ ಮುಂದಿನ ಹಲ್ಲಿನಿಂದ ಏನನ್ನಾದರೂ ಕಚ್ಚಿ ಎಳೆದರೆ ಸೆಟ್ಟೇ ಎದ್ದು ಬರುತ್ತದೆ. ಇದು ನಮಗೆ ಮೊದಲ ತರಗತಿಯಲ್ಲೇ ಹೇಳಿಕೊಡುವ ಮಾತು.

"ಸರಿ ಬಿಡು. ನೀನೇ ಹೇಳಿದ್ಮೇಲೆ ಇನ್ಯಾರನ್ನ ಕೇಳ್ಲಿ?" ಎಂದರು.

ಉಸ್ತುವಾರಿಯ ಸೀನಿಯರ್ "ಹಲ್ಲು ಅಲುಗಾಡ್ತಿದೆಯಾ?" ಎಂದು ಕೇಳಿದರು. "ಹೌದು ಸಾರ್" ಎಂದೆ. ಕತ್ತೆತ್ತದೆ ಸಹಿ ಹಾಕಿದರು. ಅವರು ಒಂದು ಸಲ ತಲೆಯೆತ್ತಿ ನೋಡಿದ್ದರೆ... ಇಲ್ಲ, ಇದೂ ಬೇಡ.

ಕೆಟ್ಟ ಹಲ್ಲನ್ನು ಕೀಳುವುದು ಸುಲಭ. ಅದು ಹೋಗಲು ಸಿದ್ಧವಾಗಿಯೇ ಇರುತ್ತದೆ. ಒಳ್ಳೆಯ ಹಲ್ಲು ಬಿಡುವುದಿಲ್ಲ. ಮೊದಲ ದಿನ ಮೇಲಿನ ಮೂರಕ್ಕೆ ಒಂದು ಗಂಟೆ ಹಿಡಿಯಿತು. ನನ್ನ ಕೋಟು ಬೆವರಿನಲ್ಲಿ ತೊಯ್ದಿತ್ತು. ಪಾಂಡಣ್ಣ ಕುರ್ಚಿಯ ಕೈಗಳನ್ನು ಬಿಗಿಯಾಗಿ ಹಿಡಿದು ಕೂತಿದ್ದರು. ಎರಡು ಕಿತ್ತ ಮೇಲೆ ಉಗುಳಲು ಬಿಟ್ಟಾಗ, ಮರಗಟ್ಟಿದ ತುಟಿಯಲ್ಲೇ ನಗಲು ನೋಡಿ ಹೇಳಿದರು: "ಕೀವು ಹಿಡಿದಿದ್ದಕ್ಕೇ ಇಷ್ಟು ಹಠ. ಚೆನ್ನಾಗಿದ್ದಿದ್ರೆ ನಿನ್ನನ್ನೇ ಎಳ್ಕೊಂಡು ಒಳಗೆ ಹಾಕ್ಕೊಂಡಿರೋದು!"

ನಾನೂ ನಕ್ಕೆ. ನಕ್ಕು, ಮತ್ತೆ ಇಕ್ಕಳ ಎತ್ತಿಕೊಂಡೆ. ಅಲ್ಲಿ ನಿಲ್ಲಿಸಬಹುದಾಗಿತ್ತು. ಇನ್ನೂ ನಾಲ್ಕು ಉಳಿದಿದ್ದವು. ಮುಂದಿನ ವಾರ ಕೆಳಗಿನ ಮೂರನ್ನು ಕೀಳುವ ಮೊದಲೂ ನಿಲ್ಲಿಸಬಹುದಾಗಿತ್ತು. ಯೋಚಿಸಲು ಏಳು ದಿನ ಸಿಕ್ಕಿದ್ದವು. ನಾನು ಯೋಚಿಸಿದೆ, ಪರೀಕ್ಷೆಯ ಹೊತ್ತಿಗೆ ಒಸಡು ಚೆನ್ನಾಗಿ ಮಾಯುತ್ತದೋ ಇಲ್ಲವೋ ಎಂದು.

ಮಾಯಿತು. ಪರೀಕ್ಷೆಯ ದಿನ ಅವರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಹಣೆಗೆ ನಾಮ ಇಟ್ಟುಕೊಂಡು, ನನಗಿಂತ ಮೊದಲೇ ಬಂದು ಕೂತಿದ್ದರು. ಹೊರಗಿನ ಊರಿನಿಂದ ಬಂದಿದ್ದ ಪರೀಕ್ಷಕರು ನಾನು ಕಟ್ಟಿದ ಸೆಟ್ಟನ್ನು ಒತ್ತಿ ನೋಡಿದರು, ಎಳೆದು ನೋಡಿದರು, ಉಚ್ಚಾರ ಸರಿಯಿದೆಯೇ ಎಂದು ತಿಳಿಯಲು ಐವತ್ತರಿಂದ ಅರವತ್ತರವರೆಗೆ ಎಣಿಸಲು ಹೇಳಿದರು. ಪಾಂಡಣ್ಣ ಶಾಲೆಯ ಮಗುವಿನಂತೆ ನೆಟ್ಟಗೆ ಕೂತು ಎಣಿಸಿದರು. ಕೊನೆಗೆ ಪರೀಕ್ಷಕರು ಲೋಕಾಭಿರಾಮವಾಗಿ ಕೇಳಿದರು:

"ಹಲ್ಲು ಯಾರು ತೆಗೆದಿದ್ದು ಯಜಮಾನ್ರೇ?"

"ನಮ್ಮ ಹುಡುಗಾನೇ ಸಾರ್. ಒಳ್ಳೆ ಕೈ. ಒಳಗೆ ಕೀವಾಗಿತ್ತಂತೆ, ನಂಗೆ ಗೊತ್ತೇ ಇರ್ಲಿಲ್ಲ. ಇವನು ನೋಡಿದ್ದಕ್ಕೆ ಬಚಾವು."

ಆ ವಿಷಯದಲ್ಲಿ ನಮ್ಮ ತರಗತಿಗೇ ನನಗೆ ಹೆಚ್ಚಿನ ಅಂಕ ಬಂತು.

ಆಮೇಲೆ ಅಂಗಡಿಯ ಮುಂದೆ ಹೋದಾಗಲೆಲ್ಲ ನೋಡುತ್ತಿದ್ದೆ. ಸೆಟ್ಟು ಗುಂಡಿಗಳ ಡಬ್ಬಿಯ ಪಕ್ಕ, ಒಂದು ಸ್ಟೀಲ್ ಲೋಟದ ನೀರಿನಲ್ಲಿ ಇರುತ್ತಿತ್ತು. ಊಟಕ್ಕೆ ಮಾತ್ರ ಹಾಕಿಕೊಳ್ಳುತ್ತಿದ್ದರು. ಅದೂ ಮೆತ್ತಗಿನ ಊಟಕ್ಕೆ. ದಾರವನ್ನು ಅಭ್ಯಾಸಬಲದಿಂದ ಬಾಯಿಗೆ ಒಯ್ಯುವುದು, ಒಸಡಿನಲ್ಲಿ ಒಮ್ಮೆ ಕಚ್ಚುವುದು, ತಕ್ಷಣ ನೆನಪಾಗಿ ಕತ್ತರಿಗಾಗಿ ಬಟ್ಟೆಗಳ ನಡುವೆ ತಡಕಾಡುವುದು. ದಿನಕ್ಕೆ ಎಷ್ಟು ಸಲವೋ. ನಾನು ಕಣ್ಣಿಗೆ ಬಿದ್ದರೆ ಮಾತ್ರ ಗಿರಾಕಿಗಳಿಗೆ ತೋರಿಸಿ, "ನಮ್ಮ ಡಾಕ್ಟ್ರು!" ಎನ್ನುತ್ತಿದ್ದರು. ನನ್ನ ಕ್ಲಿನಿಕ್ ಶುರುವಾದಾಗ ಬಂದ ಮೊದಲ ಹತ್ತು ಜನರಲ್ಲಿ ಏಳು ಜನ ಅವರು ಕಳಿಸಿದವರು.

ಹೋದ ತಿಂಗಳು ಕ್ಲಿನಿಕ್ಕಿಗೆ ಬಂದರು. ಮೆಟ್ಟಿಲು ಹತ್ತಿದ ಏದುಸಿರು. ಕೈಯಲ್ಲಿ ಹಳೆಯ ಕಂದು ಕವರು. ಹೊರಗೆ ಮೂವರು ಕಾಯುತ್ತಿದ್ದರು.

"ಬಾಗಿಲು ಹಾಕ್ಕೋ ಶ್ರೀಧರಾ. ಅವರಿಗೆಲ್ಲಾ ಯಾಕೆ ಕೇಳ್ಬೇಕು" ಎಂದರು.

ಹಾಕಿದೆ.

ಕೆಳಗಿನ ಸೆಟ್ಟು ಸಡಿಲವಾಗಿತ್ತಂತೆ. ನನಗೆ ಬೇಸರವಾದೀತೆಂದು, ಗಾಂಧಿಬಜಾರಿನ ಹತ್ತಿರ ಬೇರೊಬ್ಬ ಡಾಕ್ಟರಿಗೆ ತೋರಿಸಿದರಂತೆ. ಜೊತೆಗೆ, ಕಾಲೇಜಿನಲ್ಲಿ ಅವರ ಕೈಗೇ ಕೊಟ್ಟಿದ್ದ ಆ ಹಳೆಯ ಎಕ್ಸ್‌ರೇ ಒಯ್ದಿದ್ದರು. ಆ ಡಾಕ್ಟರು ಅದನ್ನು ಬೆಳಕಿಗೆ ಹಿಡಿದು, ಇಷ್ಟು ಒಳ್ಳೆಯ ಹಲ್ಲನ್ನು ಯಾವ ಪುಣ್ಯಾತ್ಮ ಕಿತ್ತದ್ದು ಎಂದರಂತೆ.

"ನಾನು ಬಿಡ್ಲಿಲ್ಲ. ನಮ್ಮ ಹುಡುಗ ಅಂಥೋನಲ್ಲ ರೀ, ನೋಡ್ಕೊಂಡು ಮಾತಾಡಿ ಅಂತ ಜಗಳಾನೇ ಆಡಿ ಬಂದೆ. ನೀನೊಂದು ಮಾತು ಹೇಳ್ಬಿಡಪ್ಪ. ಕೀವು ಇತ್ತು ತಾನೇ?"

ನನಗೆ ಇನ್ನೊಂದು ಅವಕಾಶ ಸಿಕ್ಕಿತ್ತು. ಬಾಗಿಲು ಹಾಕಿತ್ತು. ಕೇಳುತ್ತಿದ್ದವರು ಅವರೊಬ್ಬರೇ. ಈಗ ಪರೀಕ್ಷೆಯಿಲ್ಲ, ಕೋಟಾ ಇಲ್ಲ, ಸಹಿ ಹಾಕುವವರಿಲ್ಲ. ಮೊದಲ ಸಲ ಹುಡುಗನಾಗಿದ್ದೆ ಎಂದಾದರೂ ಹೇಳಿಕೊಳ್ಳಬಹುದೇನೋ. ಈ ಸಲಕ್ಕೆ ಅಂಥ ಮಾತೇ ಇಲ್ಲ.

"ಇತ್ತು ಪಾಂಡಣ್ಣ" ಎಂದೆ.

ಅವರು ನನ್ನ ಮುಖ ನೋಡಿದರು. ಜನರ ಮೈಯನ್ನು ಕಣ್ಣಿನಲ್ಲೇ ಅಳೆದು ಅಭ್ಯಾಸವಿರುವ ಮನುಷ್ಯ. ಎಷ್ಟು ಹೊತ್ತು ನೋಡಿದರೋ, ನಾನು ಟ್ರೇಯಲ್ಲಿದ್ದ ಕನ್ನಡಿಗಳನ್ನು ಜೋಡಿಸುತ್ತಾ ನಿಂತಿದ್ದೆ. ಕೊನೆಗೆ ಕವರನ್ನು ಮೇಜಿನ ಮೇಲಿಟ್ಟು, "ಇದು ನಿನ್ ಹತ್ರಾನೇ ಇರ್ಲಿ" ಎಂದು ಹೇಳಿ ಎದ್ದರು. ಹೊರಗೆ ಕಾಯುತ್ತಿದ್ದವರಿಗೆ ನಮಸ್ಕಾರ ಮಾಡಿ ಇಳಿದುಹೋದರು.

ಆಮೇಲೆ ಬರಲಿಲ್ಲ. ಯಾರನ್ನೂ ಕಳಿಸಲಿಲ್ಲ. ಮೊನ್ನೆ ಅವರ ಅಂಗಡಿಯ ಮುಂದೆ ಸ್ಕೂಟರ್ ನಿಧಾನ ಮಾಡಿದೆ. ತಲೆಯೆತ್ತಿದರು, ನನ್ನನ್ನು ನೋಡಿದರು, ಸೂಜಿಗೆ ದಾರ ಪೋಣಿಸಲು ಮತ್ತೆ ಬಗ್ಗಿದರು. ಅವರ ಎದುರಿಗೆ ಇಬ್ಬರು ಗಿರಾಕಿಗಳಿದ್ದರು. ಯಾರಿಗೂ ಏನೂ ಹೇಳಲಿಲ್ಲ.

ಅವರಿಗೆ ಗೊತ್ತಾಗಿದೆ. ಆದರೂ ನನ್ನ ಬಾಯಿಂದ ಕೇಳಿಲ್ಲ. ಗೊತ್ತಾದದ್ದನ್ನು ಒಬ್ಬರೇ ಹೊತ್ತುಕೊಂಡು ಕೂತಿದ್ದಾರೆ, ನನ್ನ ಮರ್ಯಾದೆಯನ್ನೂ ಸೇರಿಸಿ.

ಈ ಭಾನುವಾರ ಮೊದಲು ಗಾಂಧಿಬಜಾರಿನ ಆ ಡಾಕ್ಟರ ಬಳಿ ಹೋಗುತ್ತೇನೆ. ನೀವು ಹೇಳಿದ್ದು ಸರಿ, ಕಿತ್ತವನು ನಾನೇ, ನಿಮ್ಮೊಡನೆ ಜಗಳವಾಡಿದ ಹಿರಿಯರಿಂದ ಯಾವ ತಪ್ಪೂ ಆಗಿಲ್ಲ ಎನ್ನುತ್ತೇನೆ. ಅಲ್ಲಿಂದ ಚಾಮರಾಜಪೇಟೆಗೆ. ಹೊಸ ಸೆಟ್ಟು ಕಟ್ಟಿಕೊಡುತ್ತೇನೆ ಎಂದು ಅವರಿಗೆ ಹೇಳುವುದಿಲ್ಲ. ಆ ಬಾಯಿಗೆ ಮತ್ತೆ ಕೈ ಹಾಕುವ ಯೋಗ್ಯತೆ ನನಗಿಲ್ಲ. ಕ್ಷಮಿಸಿ ಎಂದು ಕೇಳಿ ಅವರನ್ನು ಇಕ್ಕಟ್ಟಿಗೆ ಸಿಕ್ಕಿಸುವುದೂ ಇಲ್ಲ. ಗಿರಾಕಿಗಳು ಇದ್ದರೆ ಇರಲಿ. ಕೀವು ಇರಲಿಲ್ಲ ಪಾಂಡಣ್ಣ, ಎನ್ನುತ್ತೇನೆ. ಅವರು ಮೆಷಿನ್ ತುಳಿಯುವುದನ್ನು ನಿಲ್ಲಿಸದೇ ಹೋದರೆ, ಆ ಸದ್ದಿನ ಮೇಲೂ ಕೇಳಿಸುವ ಹಾಗೆ ಇನ್ನೊಂದು ಸಲ ಹೇಳುತ್ತೇನೆ.