ಡಬಲ್ ಬೆಲ್ ಬಾರಿಸಿದ ಭಾನುವಾರ

ಆ ಭಾನುವಾರವೂ ಐದಕ್ಕೇ ಎದ್ದು ನೀರು ಹಿಡಿದೆ, ರೊಟ್ಟಿ ಬಡಿದೆ. ಆಮೇಲೆ ಯಜಮಾನರ ಖಾಕಿ ಅಂಗಿಗೆ ಇಸ್ತ್ರಿ ಮಾಡಿ, ಹಿತ್ತಾಳೆಯ ಬಿಲ್ಲೆಗೆ ಹುಣಸೆಹಣ್ಣು ಹಚ್ಚಿ ತಿಕ್ಕಿದೆ. ಎರಡು ತಿಂಗಳು ಮುಟ್ಟದೆ ಅದು ಕಪ್ಪಾಗಿತ್ತು. ತೊಂಬತ್ತರ ದಶಕದ ಮೊದಲ ವರ್ಷಗಳವು. ನಿಪ್ಪಾಣಿಯಲ್ಲಿ ಎರಡು ಕೋಣೆಯ ಬಾಡಿಗೆ ಮನೆ, ನನ್ನ ಹುದ್ದೆ ಗೃಹಿಣಿ. ಬಸ್ ಕಂಡಕ್ಟರ್ ಆಗಿದ್ದ ಯಜಮಾನರು ಮರುದಿನ ಡ್ಯೂಟಿಗೆ ಹಾಜರಾಗಬೇಕಿತ್ತು.

ಬಸ್ಸಿನಲ್ಲಿ ಒಂದು ಬೆಲ್ ಅಂದರೆ ನಿಲ್ಲಿಸು, ಎರಡು ಅಂದರೆ ಹೊರಡು. ಹಿಂದೆ ಏನಾಗುತ್ತಿದೆಯೆಂದು ಡ್ರೈವರನಿಗೆ ಕಾಣುವುದಿಲ್ಲ, ಅವನು ಬೆಲ್ಲನ್ನೇ ನಂಬುತ್ತಾನೆ. ರಾಯಬಾಗದ ಹತ್ತಿರ ಒಂದು ಸ್ಟಾಪಿನಲ್ಲಿ, ಕಿಕ್ಕಿರಿದ ಬಸ್ಸಿನ ನಡುವೆ ನಿಂತು ಇವರು ಡಬಲ್ ಬೆಲ್ ಕೊಟ್ಟಾಗ, ಇಳಿಯುತ್ತಿದ್ದ ಒಬ್ಬ ಅಜ್ಜಿಯ ಕಾಲು ಇನ್ನೂ ಮೆಟ್ಟಿಲ ಮೇಲಿತ್ತು. ಅಜ್ಜಿ ಉಳಿಯಲಿಲ್ಲ. ವಿಚಾರಣೆಯಲ್ಲಿ ಇವರದು ತಪ್ಪಿಲ್ಲವೆಂದು ಬರೆದರು. ಆದರೂ ಅಂದಿನಿಂದ ಇವರು ರಜೆ ಹಾಕಿ ಮನೆಯಲ್ಲೇ ಇದ್ದರು. ನಾಳೆ ಹೋಗುತ್ತಾರೋ ಇಲ್ಲವೋ ಎಂದು ನಾನು ಕೇಳಿರಲಿಲ್ಲ, ಅಂಗಿ ಮಾತ್ರ ತಯಾರು ಮಾಡಿಟ್ಟೆ.

ಭಾನುವಾರ ಊಟದ ನಂತರ ನೆರೆಯವರೂ ಸೇರಿ ನಮ್ಮಲ್ಲಿ ಒಂದು ಆಟ ನಡೆಯುತ್ತಿತ್ತು. ಪುಣೆಯಲ್ಲಿ ಓದುತ್ತಿದ್ದ ನನ್ನ ತಮ್ಮ ಅದರ ಇಂಗ್ಲಿಷ್ ನಿಯಮಗಳ ಝೆರಾಕ್ಸ್ ಪ್ರತಿ ಕೊಟ್ಟಿದ್ದ. ಒಬ್ಬರು ಕತೆ ನಡೆಸಬೇಕು. ಉಳಿದವರು ಕತೆಯೊಳಗಿನ ಒಬ್ಬೊಬ್ಬ ಮನುಷ್ಯರಾಗಿ, ತಾವೇನು ಮಾಡುತ್ತೇವೆಂದು ಹೇಳಬೇಕು. ಅನುಮಾನ ಬಂದಲ್ಲಿ ದಾಳ ತೀರ್ಮಾನಿಸುತ್ತದೆ. ಕಾನ್ವೆಂಟಿನಲ್ಲಿ ಓದಿದವಳೆಂದು ಕತೆ ನಡೆಸುವ ಕೆಲಸ ನನಗೇ ಬಂತು.

ಯಾರೂ ತಮ್ಮ ನೌಕರಿಯನ್ನು ಹೊಸ್ತಿಲಾಚೆ ಬಿಟ್ಟು ಬರುತ್ತಿರಲಿಲ್ಲ. ತಂಬಾಕಿನ ಗೋದಾಮಿನಲ್ಲಿ ಎಲೆ ಆರಿಸುವ ಸುಶೀಲಕ್ಕ, ಕತೆಯಲ್ಲಿ ಕತ್ತಿ ಸಿಕ್ಕರೂ ತಿರುವಿ ಮೂಸಿ ನೋಡದೆ ಮುಟ್ಟುತ್ತಿರಲಿಲ್ಲ. ದನದ ದವಾಖಾನೆಯ ಕಂಪೌಂಡರ್ ಬಾಳಾಸಾಹೇಬರ ಎದುರಿಗೆ ಬೆಂಕಿಯುಗುಳುವ ಮೃಗ ತಂದು ನಿಲ್ಲಿಸಿದರೆ, “ಮೆಲಕ ಹಾಕತೈತೇನ್ರಿ ವೈನಿ?” ಎಂದು ಕೇಳುತ್ತಿದ್ದರು. ಕತೆಯಲ್ಲಿ ಯಜಮಾನರು ಕಾವಲುಗಾರ. ಗುಹೆ ಹೊಕ್ಕರೂ ತಲೆ ಎಣಿಸುವರು, ಹೊರಬಂದರೂ ಎಣಿಸುವರು. ನನ್ನ ಕತೆಯಲ್ಲಂತೂ ಯಾರೂ ಸಾಯುತ್ತಿರಲಿಲ್ಲ, ಯಾರೂ ಹಸಿದು ಮಲಗುತ್ತಿರಲಿಲ್ಲ.

ಆ ದಿನ ನಾನೊಂದು ಉಪಾಯ ಮಾಡಿದ್ದೆ. ಮುಚ್ಚಿಗೆಯ ದೊಡ್ಡ ಬಂಡಿ, ಅಡುಗೆಯವಳೂ ಸೇರಿ ಎಂಟು ಜನ ಪ್ರಯಾಣಿಕರು. ಗಾಡಿಯವನಿಗೆ ಹಿಂದಿನದು ಕಾಣುವುದಿಲ್ಲ, ಕಾವಲುಗಾರ ಹಲಗೆಗೆ ಎರಡು ಸಲ ಬಡಿದರೆ ಎತ್ತು ಹೊಡೆಯುತ್ತಾನೆ. ಒಣ ದಾರಿ, ಸಾಧು ಎತ್ತುಗಳು, ದಾಳದ ಮಾತೇ ಇಲ್ಲ. ಇಲ್ಲಿ ಒಮ್ಮೆ ಬಡಿದರೆ ನಾಳೆ ಬಸ್ಸಿನಲ್ಲೂ ಕೈ ಏಳುತ್ತದೆ ಎಂದುಕೊಂಡಿದ್ದೆ.

ಯಾರು ಎಲ್ಲಿ ಕುಳಿತರೆಂದು ಒಬ್ಬೊಬ್ಬರನ್ನೇ ಹೇಳಿದೆ. ಇವರ ಹಣೆ ಬೆವರಿತ್ತು.

“ಬಂಡಿ ಎಲ್ಲಾರೂ ಹತ್ತ್ಯಾರೇನು?” ಎಂದರು.

“ಹತ್ತ್ಯಾರ್ರಿ,” ಎಂದೆ.

ಅವರು ಬೆರಳ ಗೆಣ್ಣಿನಿಂದ ಮೇಜಿಗೆ ಎರಡು ಸಲ ಬಡಿದರು. ಬಾಳಾಸಾಹೇಬರು ಉಸಿರು ಬಿಟ್ಟದ್ದು ನನಗೆ ಕೇಳಿಸಿತು. ನನ್ನ ಕಣ್ಣು ತುಂಬಿಬಂತು.

ಆಗ ಸುಶೀಲಕ್ಕ, ಎಲೆ ತಿರುವುವವರ ದನಿಯಲ್ಲೇ, “ತಂಗಿ, ಎಂಟ ಮಂದಿ ಅಂದಿ, ನೀ ಏಳ ಮಂದಿ ಕುಂತಿದ್ದ ಹೇಳಿದಿ. ಅಡಗಿ ಮಾಡಾಕಿ ಎಲ್ಲಿ ಕುಂತಾಳ?” ಎಂದರು.

ನಾನು ಅವಳನ್ನು ಮರೆತಿದ್ದೆ. ತವರಲ್ಲಾಗಲಿ ಅತ್ತೆಮನೆಯಲ್ಲಾಗಲಿ ತಾಟು ಎಣಿಸುವಾಗ ಬಡಿಸುವವಳನ್ನು ಎಣಿಸುವ ರೂಢಿಯಿಲ್ಲ. ನನ್ನನ್ನು ಬಿಟ್ಟೇ ಎಣಿಸಿ ನನಗೆ ಅಭ್ಯಾಸ.

“ಹಿಂದ ಕುಂತಾಳಲ್ಲ, ಅಡಗಿ ಭಾಂಡೆ ಹಿಡಕೊಂಡು,” ಎಂದೆ, ಗಡಬಡಿಸಿ.

ಇವರು ತಲೆ ಎತ್ತಿದರು. “ಶೋಭಾ, ಆಕೀನ ನೀ ಈಗ ಕುಂಡರಸಾಕತ್ತಿ. ನಾ ಬಡ್ಯೂ ಹೊತ್ತಿನ್ಯಾಗ ಆಕಿ ಎಲ್ಲಿದ್ಲು?”

ಬಾಳಾಸಾಹೇಬರು ಇವರ ಭುಜ ಮುಟ್ಟಿ, “ಅಣ್ಣಪ್ಪ, ಆಟ ಐತೋ ಮಾರಾಯಾ,” ಎಂದರು.

“ಹೌದಪಾ. ಅಲ್ಲೀನೂ ಹಿಂದಿಂದ ಯಾರೋ ಎಲ್ಲಾರೂ ಇಳದಾರ ಅಂತ ಅಂದಿದ್ರು.”

ಎದ್ದು ಒಳಗೆ ಹೋದರು. ನಾನು ಹೋಗುವಷ್ಟರಲ್ಲಿ ಇಸ್ತ್ರಿ ಮಾಡಿದ ಅಂಗಿಯನ್ನು ಗುಂಡಿ ಹಾಕಿ, ತೋಳು ಮಡಚಿ, ಟ್ರಂಕಿನಲ್ಲಿ ಇಡುತ್ತಿದ್ದರು. “ನಾಳೆ ಡಿಪೋದಾಗ ಬ್ಯಾರೆ ಕೆಲಸ ಕೇಳತೀನಿ. ಬಸ್ ಹತ್ತೂದಿಲ್ಲ.” ನನ್ನ ಮೇಲೆ ಸಿಟ್ಟು ಮಾಡಲಿಲ್ಲ. ಮಾಡಿದ್ದರೆ ಚೆನ್ನಾಗಿತ್ತು.

ನಿವೃತ್ತಿಯವರೆಗೂ ಅವರು ಡಿಪೋದ ಟೈರು ಸ್ಟೋರಿನಲ್ಲೇ ಕೆಲಸ ಮಾಡಿದರು. ಆಟಕ್ಕೆ ಮತ್ತೆಂದೂ ಕೂಡಲಿಲ್ಲ. ಅವರಿಗೆ ಬೇಕಾದದ್ದು ಏನೂ ಕೆಡದ ಕತೆಯಲ್ಲ, ತಾವು ಎಣಿಸಿದ ಲೆಕ್ಕ ಸರಿ ಎಂಬ ನಂಬಿಕೆ ಎಂಬುದು ನನಗೆ ತಡವಾಗಿ ತಿಳಿಯಿತು. ಮನೆಗೆಲಸ ನನಗೆ ಎಲ್ಲರನ್ನೂ ನೋಡಿಕೊಳ್ಳುವುದನ್ನು ಕಲಿಸಿತ್ತು. ಎಲ್ಲರೂ ಎಂದರೆ ಯಾರ್‍ಯಾರು ಎಂಬುದನ್ನು ಆ ಮಧ್ಯಾಹ್ನ ಕಲಿತೆ. ಇಂದಿಗೂ ತಾಟು ಇಡುವಾಗ ಮೊದಲು ನನ್ನದನ್ನು ಎಣಿಸುತ್ತೇನೆ. ಅದರಿಂದ ಯಾರಿಗೂ ಏನೂ ಮರಳಿ ಬರಲಿಲ್ಲ.

ಆ ಸಂಜೆ ಇವರು ಕಟ್ಟೆಯ ಮೇಲೆ ಕೈ ಕಟ್ಟಿ ಕುಳಿತಿದ್ದರು. ಎದುರುಮನೆಯ ವಯಸ್ಸಾದ ಕಾಕು ಕೊಡ ಇಳಿಸಿ, ಸೊಂಟ ಹಿಡಿದು ನಿಂತು, ಅವರ ಕಡೆ ನೋಡಿ ನನಗೆ ಹೇಳಿದರು: “ನಿಮ್ಮನಿಯವ್ರು ಭಾಳ ಶಾಂತ ಮನಷ್ಯಾರ ಬಿಡು. ಎರಡ ತಿಂಗಳಾತು, ಮನ್ಯಾಗ ಗಂಡಸ ಮನಷ್ಯಾ ಅದಾನೋ ಇಲ್ಲೋ ಗೊತ್ತ ಆಗಂಗಿಲ್ಲ. ಪುಣ್ಯಾ ಮಾಡೀದಿ ನೀ.”