ಕುಬಸದ ದಿನ ನಾನು ಆಡಿದ ಮಾತು

ಗಿರಿಜಾ, ನಿನ್ನ ಅತ್ತೆಗೆ ನಾನು ಸುಳ್ಳು ಹೇಳಿದೆ. ಸುಳ್ಳೆಂದು ಗೊತ್ತಿದ್ದೇ ಹೇಳಿದೆ. ನಮ್ಮ ಲ್ಯಾಬಿನ ರೇಡಿಯೊ ಅಲೆಗಳಿಂದ ನಿನ್ನ ಬಸಿರಿಗೆ ಅಪಾಯವಿರಲಿಲ್ಲ. ಯಂತ್ರದ ಸುತ್ತ ಮೀಟರ್ ಹಿಡಿದು ನಾನೇ ಅಳೆದಿದ್ದೆ. ಹೊರಗೆ ಸೋರುತ್ತಿದ್ದದ್ದು ಮಿತಿಗಿಂತ ಎಷ್ಟೋ ಕಡಿಮೆ. ಅಳತೆಯಲ್ಲಿ ನಾನು ತಪ್ಪುವವಳಲ್ಲ — ಅದನ್ನು ನೀನೂ ಒಪ್ಪುತ್ತೀ.

ಬಳ್ಳಾರಿಯ ಆ ಲ್ಯಾಬಿನಲ್ಲಿ ನಾವಿಬ್ಬರೂ ಒಂದೇ ಯಂತ್ರಕ್ಕೆ ಜೋತುಬಿದ್ದಿದ್ದೆವು. ಗಾಳಿ ತೆಗೆದ ಗಾಜಿನ ಕೊಳವೆಗೆ ಚೂರು ಆರ್ಗಾನ್ ಬಿಟ್ಟು ರೇಡಿಯೊ ಅಲೆ ಹಾಯಿಸಿದರೆ, ಎಲೆಕ್ಟ್ರಾನುಗಳು ಅಲೆಯ ಜೊತೆ ಹಿಂದೆ ಮುಂದೆ ಓಡಾಡಿ ಇಡೀ ಅನಿಲವನ್ನೇ ಬೆಳಗಿಸುತ್ತವೆ. ಅದೇ ಪ್ಲಾಸ್ಮಾ. ಅಲೆಯ ಶಕ್ತಿ ಇಳಿಸಿದಂತೆ ಬೆಳಕೂ ಏರಿದ ದಾರಿಯಲ್ಲೇ ಇಳಿಯಬೇಕೆಂದು ನಾನು ಹಟ ಹಿಡಿದಿದ್ದೆ. ಇಳಿಯುತ್ತಿಲ್ಲ ಎಂದು ಮೊದಲು ಕಂಡವಳು ಸಿರಿಗೇರಿಯಿಂದ ಬಂದ ನೀನು.

"ಅಕ್ಕಾ, ಶಕ್ತಿ ಕಮ್ಮಿ ಮಾಡಿದ್ರೂ ಎಲೆಕ್ಟ್ರಾನು ಜಗ್ಗವಲ್ವು ನೋಡ್ರಿ!"

ನಾನು ನಕ್ಕೆ. ಒಳಗೆ ಹೊಟ್ಟೆಕಿಚ್ಚು — ಬೇರೆ ಹೆಸರು ಅದಕ್ಕಿಲ್ಲ.

ಆ ವಾರವೇ ಕುರುಗೋಡಿನ ನಿನ್ನ ಅತ್ತೆಮನೆಯಲ್ಲಿ ಸೀಮಂತ, ನಿನ್ನ ಕುಬಸ. ನಿನಗೆ ಹಸಿರು ಬಳೆ ತೊಡಿಸಿ, ಹೋಳಿಗೆ ಉಂಡು, ಹಿತ್ತಿಲಿಗೆ ಕೈ ತೊಳೆಯಲು ಹೋದೆ. ನಿನ್ನ ಅತ್ತೆ ಚೆಂಬಿನಿಂದ ನೀರು ಹಾಕುತ್ತಾ ಮೆಲ್ಲಗೆ ಕೇಳಿದರು:

"ನೀ ಓದಿದಾಕಿ ಅದಿ ತಾಯಿ. ಆ ಮಿಷನ್ನಿನಿಂದ ಕೂಸಿಗೆ ಏನಾರ ಆಕ್ಕೈತೇನು?"

"ಹೇಳಾಕ ಬರಂಗಿಲ್ಲಮ್ಮ," ಅಂದೆ.

ಗೊತ್ತಿಲ್ಲದಾಗ ವಿಜ್ಞಾನಿ ಆಡಬೇಕಾದ ಪ್ರಾಮಾಣಿಕ ಮಾತು ಅದು. ಆದರೆ ನನಗೆ ಗೊತ್ತಿತ್ತು. ಅವರ ಮುಖ ಬಾಡಿದ್ದನ್ನು ಕಂಡೆ, ಅಲ್ಲೇ ತಿದ್ದಬಹುದಿತ್ತು — ಎಲೆ ಅಡಿಕೆ ಇಸಿದುಕೊಂಡು ಬಸ್ ಹತ್ತಿದೆ.

ನೀನು ಮತ್ತೆ ಲ್ಯಾಬಿಗೆ ಬರಲಿಲ್ಲ. ನೀನು ಕಂಡದ್ದನ್ನು ನಾನು ಪ್ರಬಂಧವಾಗಿ ಬರೆದೆ, ನನ್ನೊಬ್ಬಳ ಹೆಸರಿನಲ್ಲಿ. ಚೆನ್ನಾಗಿಯೇ ಬರೆದೆ, ನಾನೀಗ ಕೂತಿರುವ ಕುರ್ಚಿ ಅದರಿಂದಲೇ ಬಂದದ್ದು. ನೀನು ಸಿರುಗುಪ್ಪದ ಶಾಲೆಯಲ್ಲಿ ಮಕ್ಕಳಿಗೆ ವಿಜ್ಞಾನ ಹೇಳಿಕೊಡುತ್ತಾ ಉಳಿದೆ. "ಪಾಪ, ಮನೆಯವರು ಬಿಡಿಸಿದರು" ಎಂದು ಊರೆಲ್ಲ ಹೇಳಿಕೊಂಡು ತಿರುಗಿದವಳೂ ನಾನೇ.

ಮೊನ್ನೆ ನಿನ್ನ ಮಗಳು ಸ್ಫೂರ್ತಿ ನನ್ನ ಕೋಣೆಗೆ ಬಂದಿದ್ದಳು. ಎಂ.ಎಸ್ಸಿ. ಪ್ರಾಜೆಕ್ಟಿಗೆ ಪ್ಲಾಸ್ಮಾವೇ ಬೇಕಂತೆ. ಪ್ರಶ್ನೆಗಳೆಲ್ಲ ನಿನ್ನ ಹಾಗೆಯೇ ಚುರುಕು. ಖುಷಿಯಿಂದ ಹೂಂ ಅಂದೆ. ಹುಡುಗಿ ತಲೆ ತಗ್ಗಿಸಿದಳು.

"ಅವ್ವ ಬ್ಯಾಡ ಅಂತಾಳ್ರಿ ಮೇಡಂ. ನಾಳೆ ಮಕ್ಕಳಾಗೋ ಹುಡುಗಿ, ಆ ಅಲೆ ಹತ್ರ ಹೋಗಬ್ಯಾಡ ಅಂತಾಳ್ರಿ."

ನೀನೂ ನಂಬಿದೆಯಾ ಗಿರಿಜಾ? ಭೌತಶಾಸ್ತ್ರ ಓದಿದ ನೀನು — ಹೌದು, ನಂಬದೆ ಏನು ಮಾಡುತ್ತೀ? ಅಳೆದವಳೇ ಹಾಗೆ ಹೇಳಿದ್ದಳಲ್ಲ.

ಭಾನುವಾರ ಕುರುಗೋಡಿಗೆ, ನಿಮ್ಮ ಮನೆಗೆ ಬರುತ್ತೇನೆ. ನಿನ್ನ ಅತ್ತೆಯ ಎದುರಿಗೆ, ಮಗಳ ಎದುರಿಗೆ, ಇಷ್ಟನ್ನೂ ಬಾಯಿಬಿಟ್ಟು ಹೇಳುತ್ತೇನೆ. ಕ್ಷಮಿಸು ಎನ್ನಲು ನನಗೆ ಮುಖವಿಲ್ಲ. ಬೇಕಾದಷ್ಟು ಬೈದು ಬಾಗಿಲು ಹಾಕಿಕೋ. ಹಾಕುವ ಮೊದಲು ಮಗಳನ್ನು ಲ್ಯಾಬಿಗೆ ಕಳಿಸು.